ಸಪ್ಪೆಯೂಟಕ್ಕೆ ಪಥ್ಯವೆಂಬ ಹೆಸರು ಬೇಡ

ಧಾರವಾಡದ ನಮ್ಮ ಚಿಗವ್ವ ಎರಡು ವರ್ಷಗಳಿಂದ ಬೆಂಗಳೂರಿನ ಒಂದು ವೃದ್ಧಾಶ್ರಮದಲ್ಲಿದ್ದಾಳೆ. ಈಗ 79 ವರ್ಷ. ಕೆಲವು ತಿಂಗಳ ಹಿಂದೆ ಊಟದ ಹೊತ್ತಿಗೆ ಹೋಗಿದ್ದೆ. ತಟ್ಟೆಯಲ್ಲಿ ಮೆತ್ತಗಾದ ಅನ್ನ, ಬೇಳೆಕಟ್ಟಿನಂಥ ಸಾರು, ಬರೀ ನೀರಿನಲ್ಲಿ ಬೇಯಿಸಿದ ಸೋರೆಕಾಯಿ. ನಾಲ್ಕು ತುತ್ತು ಉಂಡು "ಸಾಕು" ಎಂದು ತಟ್ಟೆ ಸರಿಸಿದಳು. ಅಕ್ಕಪಕ್ಕದವರ ತಟ್ಟೆಗಳಲ್ಲೂ ಅರ್ಧಕ್ಕರ್ಧ ಉಳಿದಿತ್ತು. ಮೇಲ್ವಿಚಾರಕರನ್ನು ಕೇಳಿದೆ. "ಬಿಪಿ, ಶುಗರ್ ಇರುವವರು ಸರ್, ಸಪ್ಪೆಯೇ ಒಳ್ಳೆಯದು" ಎಂದರು.

ನಾನು ಒಪ್ಪುವುದಿಲ್ಲ. ಉಪ್ಪು ಕಡಿಮೆಯಿರಬೇಕು, ನಿಜ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಎಲ್ಲ ವಯಸ್ಕರಿಗೂ. ಆದರೆ ಇಂಗು, ಕರಿಬೇವು, ಹುರಿದ ಜೀರಿಗೆ, ನಿಂಬೆಹುಳಿ ಏನು ತಪ್ಪು ಮಾಡಿದವು? ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ವಾಸನೆಯದು. ವಯಸ್ಸಾದಂತೆ ಮೂಗು ಮಂದವಾಗುತ್ತದೆ, ಬಾಯಿ ಒಣಗುತ್ತದೆ, ಕೆಲವು ಮಾತ್ರೆಗಳು ನಾಲಿಗೆಯನ್ನೇ ಕೆಡಿಸುತ್ತವೆ. ಅಂಥವರಿಗೆ ಘಮ ಹೆಚ್ಚೇ ಬೇಕು. ಊಟ ಸೇರದೆ ತೂಕ ಇಳಿದು, ಕೈಕಾಲಿನ ಕಸುವು ಹೋದರೆ ಅದು ಯಾವ ಪಥ್ಯ?

ಮುಂದಿನ ಭಾನುವಾರ, ಮೇಲ್ವಿಚಾರಕರ ಒಪ್ಪಿಗೆ ಪಡೆದು, ಮುಟಗಿ ಕಟ್ಟಿಸಿಕೊಂಡು ಹೋದೆ. ದಪ್ಪನೆಯ ಜೋಳದ ರೊಟ್ಟಿ ಬಿಸಿಯಿರುವಾಗಲೇ ಬೆಳ್ಳುಳ್ಳಿ, ಜೀರಿಗೆ, ಚಿಟಿಕೆ ಉಪ್ಪು ಹಾಕಿ ಕುಟ್ಟಿ, ತುಪ್ಪ ಸೇರಿಸಿ ಉಂಡೆ ಮಾಡಿದರೆ ಮುಟಗಿ. ಮಜ್ಜಿಗೆಯಲ್ಲಿ ನೆನೆಸಿಕೊಂಡು ಚಿಗವ್ವ ಒಂದು ಚೂರೂ ಬಿಡದೆ ಉಂಡಳು. ಆಮೇಲೆ ಕೈ ಮೂಸಿ ನೋಡಿಕೊಂಡಳು.

ಅಡುಗೆಯವರನ್ನು ದೂರಲಾರೆ. ನಲವತ್ತು ಜನರಿಗೆ ಒಬ್ಬರೇ. ಹತ್ತು ಗಂಟೆಗೆ ಇಳಿಸಿದ ಸಾರಿನ ಒಗ್ಗರಣೆ ಒಂದು ಗಂಟೆಯ ಹೊತ್ತಿಗೆ ಸತ್ತೇ ಹೋಗಿರುತ್ತದೆ. ನಾನು ಕೇಳಿಕೊಂಡದ್ದು ಇಷ್ಟೇ: ಒಗ್ಗರಣೆಯನ್ನು ಬಡಿಸುವ ಮುಂಚೆ ಹಾಕಿ, ಮೇಜಿನ ಮೇಲೆ ನಿಂಬೆಹೋಳು ಇಡಿ, ಆಗಾಗ ಒಂದೆಲಗದ ತಂಬುಳಿ ಮಾಡಿ. (ಪೊಟ್ಯಾಸಿಯಂ ಬೆರೆತ ‘ಕಡಿಮೆ ಸೋಡಿಯಂ’ ಉಪ್ಪನ್ನು ಮಾತ್ರ ವೈದ್ಯರನ್ನು ಕೇಳದೆ ಬಳಸಬೇಡಿ. ಮೂತ್ರಪಿಂಡದ ತೊಂದರೆಯಿರುವವರಿಗೆ ಅದು ಅಪಾಯ.)

ತಪ್ಪು ನಮ್ಮದೂ ಇದೆ. ಆಶ್ರಮ ಹುಡುಕುವಾಗ ಕೋಣೆ ನೋಡಿದೆವು, ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿಯಿದೆಯೇ ನೋಡಿದೆವು, ರಾತ್ರಿ ನರ್ಸ್ ಇರುತ್ತಾರೆಯೇ ಎಂದು ಕೇಳಿದೆವು. ಅಲ್ಲಿ ಕುಳಿತು ಒಂದು ಹೊತ್ತು ಊಟ ಮಾಡಲಿಲ್ಲ. ನೀವು ಹುಡುಕುತ್ತಿದ್ದರೆ ದಯವಿಟ್ಟು ಅಲ್ಲಿರುವ ಹಿರಿಯರ ಪಂಕ್ತಿಯಲ್ಲೇ ಕುಳಿತು ಒಮ್ಮೆ ಉಣ್ಣಿ.

ಮೊನ್ನೆ ಹೋದಾಗ ಊಟದ ಕೋಣೆಯ ಪಕ್ಕದಲ್ಲೇ ಇಂಗಿನ ಒಗ್ಗರಣೆ ಚುರುಗುಟ್ಟುತ್ತಿತ್ತು. ಚಿಗವ್ವ ಸಾರನ್ನು ಎರಡನೆಯ ಸಲ ಹಾಕಿಸಿಕೊಂಡಳು. ಜೋಳದ ನುಚ್ಚು ಯಾವಾಗ ಮಾಡುತ್ತಾರೆ ಎಂದು ಕೇಳುತ್ತಿದ್ದಾಳೆ. ಅದನ್ನೂ ಮಾತಾಡಬೇಕು.