ಸುರಂಗದ ತೊಡಕು ವೇಗದ್ದಲ್ಲ, ಗಾತ್ರದ್ದು

ಹಳೆಯ ಐಪಿಎಕ್ಸ್ (ನೊವೆಲ್ ಕಂಪನಿಯ ಜಾಲ ನಿಯಮಾವಳಿ) ಜಾಲದೊಳಗೆ ಐಪಿ ಪೊಟ್ಟಣಗಳನ್ನು, ಅಂದರೆ ಅಂತರ್ಜಾಲದ ದತ್ತಾಂಶದ ತುಣುಕುಗಳನ್ನು, ಸುತ್ತಿ ಸುರಂಗದಲ್ಲಿ ಎಂಬಂತೆ ಸಾಗಿಸುವಾಗ ಜಾಲಪುಟಗಳು ಅರ್ಧಕ್ಕೇ ನಿಲ್ಲುವುದಕ್ಕೆ ಆ ಜಾಲದ ನಿಧಾನಗತಿಯೇ ಕಾರಣವೆಂದು ಲೇಖನವೊಂದರಲ್ಲಿ ಅದರ ಲೇಖಕರು ಹೇಳಿರುವುದನ್ನು ಒಪ್ಪಲಾಗದು, ಏಕೆಂದರೆ ನಿಧಾನವಾದ ಜಾಲ ಪುಟವನ್ನು ತಡವಾಗಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ರೌಟರ್‌ಗಳನ್ನು (ಜಾಲದಿಂದ ಜಾಲಕ್ಕೆ ದಾರಿ ತೋರುವ ಸಾಧನಗಳನ್ನು) ದಾಟುವ ಐಪಿಎಕ್ಸ್ ಪೊಟ್ಟಣದ ಸಾಂಪ್ರದಾಯಿಕ ಮಿತಿ 576 ಬೈಟ್. ಅದರಲ್ಲಿ 30 ಬೈಟ್ ಐಪಿಎಕ್ಸ್ ಶೀರ್ಷಿಕೆಗೇ (ವಿಳಾಸ ಮುಂತಾದ ವಿವರಗಳಿಗೆ) ಹೋದರೆ ಉಳಿಯುವುದು 546. ಈಥರ್ನೆಟ್ (ಸಾಮಾನ್ಯ ತಂತಿ ಜಾಲ) ಕಡೆಯಿಂದ 1500 ಬೈಟ್‌ಗಳ ಪೊಟ್ಟಣವೊಂದು ‘ಒಡೆಯಬಾರದು’ ಎಂಬ ಗುರುತು ಹೊತ್ತು ಬಂದರೆ ಗೇಟ್‌ವೇ (ಎರಡು ಜಾಲಗಳನ್ನು ಬೆಸೆಯುವ ಯಂತ್ರ) ಅದನ್ನು ಕೈಬಿಟ್ಟು, ಐಸಿಎಂಪಿ (ಜಾಲದ ದೋಷ ತಿಳಿಸುವ) ಸಂದೇಶದ ಮೂಲಕ ಸರ್ವರ್‌ಗೆ ತಿಳಿಸಬೇಕಾಗುತ್ತದೆ. ದಾರಿಯಲ್ಲಿರುವ ಫೈರ್‌ವಾಲ್ ಆ ಸಂದೇಶವನ್ನೇ ತಡೆದರೆ (ಸುರಕ್ಷತೆಯ ಹೆಸರಿನಲ್ಲಿ ಹಲವರು ಇನ್ನೂ ಹೀಗೆ ಮಾಡುತ್ತಾರೆ!) ಸರ್ವರ್ ಅದೇ ಪೊಟ್ಟಣವನ್ನು ಮತ್ತೆ ಮತ್ತೆ ಕಳುಹಿಸುತ್ತಿರುತ್ತದೆ. ಗೇಟ್‌ವೇಯಲ್ಲಿ ಟಿಸಿಪಿಯ (ಜಾಲಪುಟಗಳನ್ನು ತರುವ ಸಂಪರ್ಕ ನಿಯಮಾವಳಿ) ಎಂಎಸ್‌ಎಸ್ ಮೌಲ್ಯವನ್ನು, ಅಂದರೆ ಒಂದು ಪೊಟ್ಟಣದಲ್ಲಿ ತುಂಬಬಹುದಾದ ದತ್ತಾಂಶದ ಗರಿಷ್ಠ ಗಾತ್ರವನ್ನು, 546ರಲ್ಲಿ ಐಪಿ ಮತ್ತು ಟಿಸಿಪಿ ಶೀರ್ಷಿಕೆಗಳ 40 ಬೈಟ್ ಕಳೆದು 506ಕ್ಕೆ ಇಳಿಸಿದರೆ, ಕನಿಷ್ಠ ಟಿಸಿಪಿ ಸಂಪರ್ಕಗಳಲ್ಲಿ ಈ ತೊಡಕು ತಪ್ಪುತ್ತದೆ.