ಕಾಡಂಚಿನ ಬಂಗಲೆಯಲ್ಲೂ ಸ್ಪೀಕರ್ ಬೇಕಾ?

ಕೊಡಗಿನ ಕುಟ್ಟದ ಹತ್ತಿರ ಬ್ರಿಟಿಷರ ಕಾಲದ ಎಸ್ಟೇಟ್ ಬಂಗಲೆಯೊಂದರಲ್ಲಿ ಉಳಿದುಕೊಂಡಿದ್ದೆವು. ಮಂಗಳೂರು ಹೆಂಚು, ಮರದ ನೆಲ, ಉದ್ದನೆ ಜಗಲಿ. ಕಾಫಿ ತೋಟ ದಾಟಿದರೆ ನಾಗರಹೊಳೆ ಕಾಡು. ಅಂಥ ಜಾಗದಲ್ಲಿ ರಾತ್ರಿ ಹನ್ನೊಂದು ದಾಟಿದರೂ ಸ್ಪೀಕರ್ ಬಡಿತ ನಿಲ್ಲಲಿಲ್ಲ! ಹಳೇ ಕಟ್ಟಡ ಅಲ್ವಾ, ಪಕ್ಕದ ಕೋಣೆಯ ಪಿಸುಮಾತೂ ಕೇಳುತ್ತದೆ. ಮೇಲೆ ಯಾರಾದರೂ ಕುಣಿದರೆ ಕೆಳಗಿನ ಮಂಚವೇ ಅದುರುತ್ತದೆ. ಮ್ಯಾನೇಜರ್ ಹತ್ತಿರ ಹೇಳಿದರೆ, "ಗೆಸ್ಟ್‌ಗಳು ಬೇಜಾರಾಗ್ತಾರೆ ಸಾರ್" ಎಂದರು. ನಾವೂ ದುಡ್ಡು ಕೊಟ್ಟೇ ಬಂದವರು.

ನಮ್ಮ ನಿದ್ದೆ ಹಾಳಾದದ್ದು ಇರಲಿ. 1955ರಿಂದ ಅಭಯಾರಣ್ಯ, ಆಮೇಲೆ ರಾಷ್ಟ್ರೀಯ ಉದ್ಯಾನ ಆದ ಕಾಡು ಇದು. ಆನೆ, ಹುಲಿ, ಕಾಟಿ ಎಲ್ಲ ಇವೆ. ಅವಕ್ಕೆ ತೊಂದರೆ ಆಗಬಾರದೆಂದೇ ಕಾಡಿನ ರಸ್ತೆಯಲ್ಲಿ ರಾತ್ರಿ ವಾಹನ ಬಿಡುವುದಿಲ್ಲ. ಅದೇ ಕಾಡಿನ ಪಕ್ಕ ನಡುರಾತ್ರಿ ಡ್ಯಾನ್ಸ್ ಅಂದರೆ ಹೊಟ್ಟೆ ಉರಿಯುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕಬಾರದು ಎಂಬ ನಿಯಮ 2000ದಿಂದಲೇ ಇದೆ. ಬಂಗಲೆ ನಡೆಸುವವರೇ, ಬುಕಿಂಗ್ ತೆಗೆದುಕೊಳ್ಳುವಾಗಲೇ ಇದನ್ನು ಗೆಸ್ಟ್‌ಗಳಿಗೆ ಹೇಳಿಬಿಡಿ. ಕೇಳದವರ ಸ್ಪೀಕರ್ ಗೇಟಿನಲ್ಲೇ ತೆಗೆದಿಡಿ ಮಾರಾಯ್ರೇ.