ಪರ–ವಿರೋಧ: ಬರೆದಿಟ್ಟರೆ, ಚಿತ್ರೀಕರಿಸಿದರೆ ಕುಣಿತ ಉಳಿಯುತ್ತದೆಯೇ?

ಪರ

ಕುಣಿತ ಇರುವುದು ಕುಣಿಯುವವರ ಮೈಯಲ್ಲಿ, ಅವರು ಹೋದರೆ ಅದೂ ಹೋಯಿತು ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. 1700ರಲ್ಲೇ ಪ್ಯಾರಿಸ್‌ನಲ್ಲಿ ರಾವುಲ್ ಫೊಯೆ ಎಂಬ ನೃತ್ಯಗುರು ಕುಣಿತವನ್ನು ಬರೆಯುವ ಕ್ರಮವೊಂದನ್ನು ಅಚ್ಚು ಹಾಕಿಸಿದ. ಕುಣಿಯುವವರು ನೆಲದ ಮೇಲೆ ಸಾಗುವ ದಾರಿಗೆ ಒಂದು ಗೆರೆ, ಅದರ ಅಕ್ಕಪಕ್ಕ ಹೆಜ್ಜೆಗಳ ಗುರುತು. ಫ್ರಾನ್ಸಿನ ಆ ಕಾಲದ ಅರಮನೆ ಕುಣಿತಗಳನ್ನು ಕಲಿಸುತ್ತಿದ್ದವರ ಸಾಲು ಎಂದೋ ಮುಗಿದಿದೆ. ಇವತ್ತು ಅವನ್ನು ಕುಣಿಯುವವರು ಆ ಗೆರೆಗಳನ್ನು ಓದಿಯೇ ಕಲಿಯಬೇಕು.

ಇನ್ನೊಂದು ಕಥೆ ಇನ್ನೂ ಚೆನ್ನಾಗಿದೆ. 1917ರ ಕ್ರಾಂತಿಯ ನಂತರ ರಷ್ಯಾ ಬಿಟ್ಟ ಬ್ಯಾಲೆ ನಿರ್ದೇಶಕ ನಿಕೊಲಾಯ್ ಸೆರ್ಗೆಯೆವ್, ಪೀಟರ್ಸ್‌ಬರ್ಗ್‌ನ ಬ್ಯಾಲೆಗಳನ್ನು ಗುರುತುಗಳಲ್ಲಿ ಬರೆದಿಟ್ಟಿದ್ದ ಕಾಗದಗಳನ್ನೂ ಹೊತ್ತು ತಂದ. (ಅವು ಅವನ ಸ್ವಂತದ್ದಾಗಿರಲಿಲ್ಲ, ಅದು ಬೇರೆ ಮಾತು.) 1930ರ ದಶಕದಲ್ಲಿ ಲಂಡನ್ನಿನ ತಂಡವೊಂದು ಆ ಹಳೆಯ ಬ್ಯಾಲೆಗಳನ್ನು ಕಲಿತದ್ದು ಅವನಿಂದ, ಆ ಕಾಗದಗಳಿಂದ. ಈಗ ಅವು ಹಾರ್ವರ್ಡ್‌ನಲ್ಲಿವೆ.

ಅಧ್ಯಯನಕ್ಕಂತೂ ದಾಖಲೆ ಬೇಕೇ ಬೇಕು. ನೃತ್ಯ ಚಿಂತಕ ರುಡಾಲ್ಫ್ ಲಾಬಾನ್ 1928ರಲ್ಲಿ ಪ್ರಕಟಿಸಿದ, ಕುಣಿತ ಬರೆಯುವ ಲಿಪಿ ಕೇಳುವುದು ಇಷ್ಟೇ: ಯಾವ ಅಂಗ, ಯಾವ ದಿಕ್ಕಿಗೆ, ಎಷ್ಟು ಹೊತ್ತು? ಅದು ಒಂದೇ ನಾಡಿನ ಕುಣಿತಕ್ಕೆ ಕಟ್ಟುಬಿದ್ದಿಲ್ಲ. ಎರಡು ನಾಡುಗಳ ಕುಣಿತಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು.

ವಿರೋಧ

ಆ ರಷ್ಯಾದ ಕಾಗದಗಳನ್ನೇ ತೆಗೆದುಕೊಳ್ಳಿ. ಎಷ್ಟೋ ಕಡೆ ಕಾಲಿನ ಹೆಜ್ಜೆ ಮಾತ್ರ ಇದೆ, ತೋಳು ಏನು ಮಾಡಬೇಕೆಂದು ಇಲ್ಲ. ಸೆರ್ಗೆಯೆವ್ ಆ ಬ್ಯಾಲೆಗಳ ನಡುವೆಯೇ ಬೆಳೆದವನು. ಗೊತ್ತಿದ್ದವನಿಗೆ ಕಾಗದ ನೆನಪು ಮಾಡಿಕೊಟ್ಟಿತು, ಅಷ್ಟೇ ಅಲ್ವಾ?

ಕಾಂಬೋಡಿಯಾದಲ್ಲಿ 1975ರಿಂದ 1979ರವರೆಗೆ ಖಮೇರ್ ರೂಜ್ ಎಂಬ ಕ್ರೂರ ಕಮ್ಯುನಿಸ್ಟ್ ಗುಂಪು ಆಳಿದಾಗ ಅರಮನೆ ನೃತ್ಯದ ಗುರುಗಳು, ವಾದ್ಯಗಾರರು ಬಹುಪಾಲು ಸತ್ತೇಹೋದರು. ಆಮೇಲೆ ಬದುಕುಳಿದ ಕೆಲವರೇ ನೆನಪಿದ್ದಷ್ಟನ್ನು ಕೂಡಿಸಿ ಮಕ್ಕಳಿಗೆ ಕಲಿಸಿದರು. 2003ರಲ್ಲಿ ಯುನೆಸ್ಕೊ ಆ ನೃತ್ಯಕ್ಕೆ ಮನ್ನಣೆ ಕೊಟ್ಟಿತು. ಹವಾಯಿಯದ್ದೂ ಇಂಥದ್ದೇ ಕಥೆ. 1830ರಲ್ಲಿ ರಾಣಿ ಕಅಹುಮನು ಹುಲಾ ಕುಣಿತವನ್ನು ನಿಷೇಧಿಸಿದಳು. ಬಲ್ಲವರು ಕದ್ದುಮುಚ್ಚಿ ಕಲಿಸುತ್ತ ಬಂದರು. 1883ರಲ್ಲಿ ಅರಸ ಕಲಾಕೌವಾ ತನ್ನ ಪಟ್ಟಾಭಿಷೇಕದಲ್ಲಿ ಎಲ್ಲರೆದುರು ಅದನ್ನು ಕುಣಿಸಿದ.

ದಾಖಲೆಯಿಂದ ಕೆಡುಕೂ ಇದೆ. ಒಂದು ಸಂಜೆ, ಒಬ್ಬ ಕಲಾವಿದೆ, ಎದುರಿಗೊಂದು ಕ್ಯಾಮೆರಾ. ಅವತ್ತು ಅವಳು ಸುಮ್ನೆ ಬಿಟ್ಟುಬಿಟ್ಟ ಒಂದು ತಿರುವು ಮುಂದೆ ಕಲಿಯುವವರ ಪಾಲಿಗೆ ಇಲ್ಲವೇ ಇಲ್ಲ. ಪಕ್ಕದೂರಿನವರು ಬೇರೆ ಥರ ಕುಣಿದರೆ ಅದು ತಪ್ಪು! ದುಡ್ಡೂ ಅಷ್ಟೆ, ಚಿತ್ರೀಕರಣಕ್ಕೆ ಸುಲಭವಾಗಿ ಸಿಗುತ್ತದೆ. ಹತ್ತು ವರ್ಷ ಕೂತು ಕಲಿಸುವವರಿಗೆ ಸಿಗುವುದು ಕಷ್ಟ.

ಇನ್ನು, ಎಲ್ಲವನ್ನೂ ದಾಖಲಿಸಲು ನಾವ್ಯಾರು? ಅಮೆರಿಕದ ಮೂಲನಿವಾಸಿಗಳಾದ ಹೋಪಿ ಜನರಿಗೆ ಹಾವಿನ ಕುಣಿತ ಪೂಜೆಯ ಭಾಗ. ಹೊರಗಿನವರ ಕ್ಯಾಮೆರಾಗಳ ಕಾಟ ಜಾಸ್ತಿಯಾದ ಮೇಲೆ ಅವರು ಫೋಟೋ ತೆಗೆಯುವುದನ್ನೇ ನಿಷೇಧಿಸಿದರು. ಅಧ್ಯಯನ ಮಾಡುವವರಿಗೆ ಅದು ನಷ್ಟವೇ, ಒಪ್ಪೋಣ. ಕುಣಿಯುವವರಿಗೆ ಅಲ್ಲ.